‘ಈ ಸಲ’ ಎಂಬ ಎರಡು ಮಾತು

ಯುಗಾದಿಯ ಬೆಳಗ್ಗೆ ಬೇವು ಬೆಲ್ಲ ತಿಂದು, ಸಂಜೆ ಪಂಚಾಂಗ ಶ್ರವಣಕ್ಕೆ ಕುಳಿತುಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ಈ ಸಂವತ್ಸರದಲ್ಲಿ ಮಳೆ ಎಷ್ಟು ಕೊಳಗ, ಬೆಳೆ ಹೇಗೆ, ಯಾವ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನೆಲ್ಲ ಓದಿ ಹೇಳುವವರೊಬ್ಬರು, ತಲೆದೂಗಿ ಕೇಳುವವರು ಹತ್ತು ಮಂದಿ. ಹೋದ ವರ್ಷ ಹೇಳಿದ್ದು ಎಷ್ಟು ಫಲಿಸಿತು ಎಂದು ಯಾರೂ ತಾಳೆ ನೋಡುವುದಿಲ್ಲ. ನೋಡಬೇಕೆಂದು ಅನ್ನಿಸುವುದೂ ಇಲ್ಲ. ಹಳೆಯ ಲೆಕ್ಕವನ್ನು ಮುಚ್ಚಿ ಹೊಸ ಪುಟ ತೆರೆಯಲು ಮನುಷ್ಯನಿಗೆ ಒಂದು ದಿನ ಬೇಕು; ಆ ದಿನವನ್ನು ಋತುವೇ ಒದಗಿಸಿಕೊಡುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಇದೇ ಯುಗಾದಿಯ ಆಸುಪಾಸಿನಲ್ಲಿ ನಮ್ಮ ನಾಡಿನ ಊರೂರಿನಲ್ಲೂ ಇನ್ನೊಂದು ಬಗೆಯ ಪಂಚಾಂಗ ಶ್ರವಣ ನಡೆಯುತ್ತದೆ. ನಾನು ವಾಸವಾಗಿರುವ ಶಿವಮೊಗ್ಗದ ವಿನೋಬನಗರದಲ್ಲಿ ಸಂಜೆ ವಾಯುವಿಹಾರಕ್ಕೆ ಹೊರಟರೆ ಹೋಟೆಲಿನ ಮುಂದೆ, ಕ್ಷೌರದಂಗಡಿಯ ಬೆಂಚಿನ ಮೇಲೆ, ತರಕಾರಿ ಗಾಡಿಯ ಪಕ್ಕದಲ್ಲಿ ಅದನ್ನು ಕೇಳಬಹುದು. ಆರಂಭದ ಆಟಗಾರ ಯಾರು, ಕೊನೆಯ ಓವರು ಯಾರಿಗೆ, ಹರಾಜಿನಲ್ಲಿ ಬಿಟ್ಟುಕೊಟ್ಟವನನ್ನು ಬಿಡಬಾರದಿತ್ತೇ ಎಂಬ ವಿಚಾರಣೆಯೆಲ್ಲ ಮುಗಿದ ಮೇಲೆ ಫಲಶ್ರುತಿಯಂತೆ ಒಂದು ವಾಕ್ಯ ಹೊರಡುತ್ತದೆ: ‘ಈ ಸಲ ಕಪ್ ನಮ್ದೇ.’

ಈ ವಾಕ್ಯದ ಬಗ್ಗೆ, ಇದರ ಹಿಂದಿರುವ ಆಸೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂಬುದು ಈ ಭಾಷಣದ ಉದ್ದೇಶ. ನಾನು ಆಟಗಾರನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಕನ್ನಡ ಪಾಠ ಹೇಳಿದವನು. ಆದ್ದರಿಂದ ಮೊದಲು ವಾಕ್ಯವನ್ನೇ ನೋಡೋಣ.

ಇಲ್ಲಿ ಕ್ರಿಯಾಪದವಿಲ್ಲ. ‘ನಾಳೆ ಭಾನುವಾರ’, ‘ಅವರು ನಮ್ಮ ಮಾವ’ ಎನ್ನುವಂತೆ ಕ್ರಿಯಾಪದದ ಹಂಗಿಲ್ಲದೆ ವಾಕ್ಯವನ್ನು ನಿಲ್ಲಿಸುವ ಸೌಕರ್ಯ ಕನ್ನಡಕ್ಕಿದೆ. ಕ್ರಿಯಾಪದವಿಲ್ಲವಾದ್ದರಿಂದ ಕಾಲದ ಕಟ್ಟೂ ಇಲ್ಲ. ‘ಗೆಲ್ಲುತ್ತೇವೆ’ ಎಂದಿದ್ದರೆ ಅದು ಭವಿಷ್ಯದ ಮಾತಾಗುತ್ತಿತ್ತು. ಸುಳ್ಳಾದರೆ ಹೇಳಿದವನು ತಲೆ ತಗ್ಗಿಸಬೇಕಾಗುತ್ತಿತ್ತು. ‘ನಮ್ದೇ’ ಎಂದಾಗ ಅದು ಆಗಲೇ ಸಂದ ಹಕ್ಕಿನ ಘೋಷಣೆಯಂತೆ ಕೇಳಿಸುತ್ತದೆ. ಇನ್ನು ‘ನಮ್ಮದು’ ಎಂಬುದರ ಕೊನೆಗೆ ಸೇರಿಕೊಂಡಿರುವ ‘ಏ’ಕಾರ. ವ್ಯಾಕರಣದಲ್ಲಿ ಇದನ್ನು ಅವಧಾರಣಾರ್ಥಕ ಅವ್ಯಯವೆಂದು ಕರೆಯುತ್ತೇವೆ. ಒಂದನ್ನು ನಿಶ್ಚಯಿಸಿ, ಬೇರೆಯದನ್ನು ದೂರವಿಟ್ಟು ಹೇಳುವಾಗ ಬರುವ ಅಕ್ಷರ ಅದು. ಆದರೆ ಬಳಕೆಯಲ್ಲಿ ಗಮನಿಸಿ ನೋಡಿ. ಯಾರೂ ಅಲ್ಲಗಳೆಯದ ವಸ್ತುವಿಗೆ ನಾವು ಈ ಏಕಾರವನ್ನು ಹಚ್ಚುವುದಿಲ್ಲ. ನಮ್ಮ ಮನೆಯಲ್ಲಿ ಕುಳಿತು ‘ಇದು ನಮ್ಮದೇ ಮನೆ’ ಎಂದು ಯಾರು ಹೇಳುತ್ತಾರೆ? ಸಂದೇಹವಿದ್ದಲ್ಲಿ ಮಾತ್ರ ಒತ್ತು ಬೇಕು. ‘ನಮ್ದೇ’ ಎಂಬ ಒತ್ತಿನೊಳಗೆ, ಇದುವರೆಗೆ ನಮ್ಮದಾಗಿಲ್ಲವೆಂಬ ಒಪ್ಪಿಗೆಯೂ ಅಡಗಿದೆ. ‘ಈ ಸಲ’ ಎಂಬ ಎರಡು ಮಾತು ಅದನ್ನೇ ಇನ್ನಷ್ಟು ಬಿಡಿಸಿ ಹೇಳುತ್ತದೆ. ಹಿಂದಿನ ಸಲಗಳು ಇದ್ದವು ಎಂದಲ್ಲವೇ ಅದರ ಅರ್ಥ?

ಆ ಹಿಂದಿನ ಸಲಗಳ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ. ಅದು ಸೋಲಿನಿಂದಲೇ ಪ್ರಾರಂಭವಾಗುತ್ತದೆ. ರಣಜಿ ಟ್ರೋಫಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದ್ರಾಸಿನ ಚೆಪಾಕ್ ಮೈದಾನದಲ್ಲಿ, ಮದ್ರಾಸು ಮತ್ತು ಮೈಸೂರು ತಂಡಗಳ ನಡುವೆ. ನಮ್ಮವರು ಒಮ್ಮೆ 48, ಇನ್ನೊಮ್ಮೆ 59 ರನ್ನಿಗೆ ಉರುಳಿದರು. ಮದ್ರಾಸಿನವರು ಒಂದೇ ಸರದಿಯಲ್ಲಿ ತೆಗೆದ 130 ರನ್ನೇ ಸಾಕಾಯಿತು. ದಿನಗಟ್ಟಲೆ ನಡೆಯಬೇಕಾದ ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಅಲ್ಲಿಂದ ಮುಂದೆ 1941–42ರಲ್ಲಿ ಒಮ್ಮೆ, 1959–60ರಲ್ಲಿ ಮತ್ತೊಮ್ಮೆ ಮೈಸೂರು ಅಂತಿಮ ಪಂದ್ಯದವರೆಗೆ ಹೋಯಿತು. ಎರಡು ಸಲವೂ ಮುಂಬಯಿಗೆ ಸೋತು ಹಿಂದಿರುಗಿತು. 1958–59ರಿಂದ 1972–73ರವರೆಗೆ ಹದಿನೈದು ವರ್ಷ ಆ ಟ್ರೋಫಿ ಮುಂಬಯಿಯ ಕಪಾಟು ಬಿಟ್ಟು ಕದಲಲಿಲ್ಲ.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಆ ಹೊಸ ಹೆಸರಿನ ಮೊದಲ ಋತುವಿನಲ್ಲೇ, ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಪ್ರಸನ್ನ ಅವರ ನಾಯಕತ್ವದ ನಮ್ಮ ತಂಡ ಮುಂಬಯಿಯನ್ನು ಮೊದಲ ಸರದಿಯ ಮುನ್ನಡೆಯ ಬಲದಿಂದ ಹಿಂದಿಕ್ಕಿತು. ನಾನಾಗ ಹೈಸ್ಕೂಲಿನ ಹುಡುಗ. ನಮ್ಮ ಬೀದಿಯಲ್ಲಿ ರೇಡಿಯೋ ಇದ್ದ ಮನೆ ಒಂದೋ ಎರಡೋ. ಆ ಮನೆಯ ಜಗಲಿಯ ಮೇಲೆ ದೊಡ್ಡವರ ಕಾಲುಗಳ ನಡುವೆ ತಲೆ ತೂರಿಸಿಕೊಂಡು ಸುದ್ದಿ ಕೇಳಿದ ನೆನಪು ಇನ್ನೂ ಹಸಿಯಾಗಿದೆ. ಗಾವಸ್ಕರ್ ಅವರ ವಿಕೆಟ್ಟನ್ನು ಪ್ರಸನ್ನ ಉರುಳಿಸಿದರೆಂದೂ, ವಾಡೇಕರ್ ರನೌಟ್ ಆದರೆಂದೂ ಕೇಳಿ ಹಿರಿಯರೊಬ್ಬರು ಚಪ್ಪಾಳೆ ತಟ್ಟದೆ, ಕೂಗದೆ, ಸುಮ್ಮನೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಆ ಪಂದ್ಯದಲ್ಲಿ ಶತಕ ಬಾರಿಸಿದ್ದ ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಭದ್ರಾವತಿಯಲ್ಲಿ ಎಂಬುದು ನಮ್ಮ ಕಡೆಯವರಿಗೆ ಇನ್ನೊಂದು ಹಿಗ್ಗು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದರು. 1934ರಿಂದ 1974; ನಲವತ್ತು ವರ್ಷದ ಕಾಯುವಿಕೆ ಅದು. ಕನ್ನಡಕ ಒರೆಸಿಕೊಂಡ ಹಿರಿಯರು ಆ ನಲವತ್ತನ್ನೂ ಕಂಡವರಿರಬೇಕು.

ಈಗ ಹೊಸ ಕಾಲಕ್ಕೆ ಬರೋಣ. 2008ರ ಏಪ್ರಿಲ್ 18ರಂದು, ಯುಗಾದಿ ಕಳೆದು ಹನ್ನೊಂದು ದಿನಕ್ಕೆ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಎಂಬ ಇಪ್ಪತ್ತು ಓವರುಗಳ ಪಂದ್ಯಾವಳಿಯ ಮೊದಲ ಪಂದ್ಯ ನಡೆಯಿತು. ಕೋಲ್ಕತ್ತದವರು 222 ರನ್ ಮಾಡಿದರು. ಅದರಲ್ಲಿ ಮೆಕಲಮ್ ಒಬ್ಬರದೇ ಅಜೇಯ 158. ರಾಹುಲ್ ದ್ರಾವಿಡ್ ನಾಯಕರಾಗಿದ್ದ ರಾಯಲ್ ಚಾಲೆಂಜರ್ಸ್ ತಂಡ 82ಕ್ಕೆ ಮುಗಿಯಿತು. ಚರಿತ್ರೆಗೆ ತನ್ನದೇ ಆದ ವಿನೋದವಿದೆ ನೋಡಿ. ರಣಜಿಯ ಮೊದಲ ಪಂದ್ಯದಲ್ಲಿ ಸೋತವರೂ ನಾವೇ, ಐಪಿಎಲ್ಲಿನ ಮೊದಲ ಪಂದ್ಯದಲ್ಲಿ ಸೋತವರೂ ನಾವೇ.

ಅದರ ಮುಂದಿನ ವರ್ಷವೇ, ಅಂದರೆ 2009ರಲ್ಲಿ, ಜೊಹಾನ್ಸ್‌ಬರ್ಗಿನಲ್ಲಿ ಅನಿಲ್ ಕುಂಬ್ಳೆಯವರ ನಾಯಕತ್ವದಲ್ಲಿ ತಂಡ ಅಂತಿಮ ಪಂದ್ಯ ತಲುಪಿತು. ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಹೈದರಾಬಾದಿನವರ ಎದುರು 6 ರನ್ನಿನಿಂದ ಸೋಲಾಯಿತು. 2011ರಲ್ಲಿ ಚೆನ್ನೈಯಲ್ಲಿ ಮತ್ತೆ ಅಂತಿಮ ಪಂದ್ಯ. ಆ ಋತುವಿನಲ್ಲೆಲ್ಲ ಬಾಣಂತೆ ಆಡಿದ್ದ ಕ್ರಿಸ್ ಗೇಲ್ ಅಂದು ಸೊನ್ನೆಗೆ ಹಿಂದಿರುಗಿದರು. 58 ರನ್ನಿನ ಸೋಲು. 2016ರಲ್ಲಿ ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದರು. ಅಂತಿಮ ಪಂದ್ಯ ನಮ್ಮದೇ ಬೆಂಗಳೂರಿನಲ್ಲಿ. ಮೊದಲ ಜೊತೆಯಾಟದಲ್ಲೇ ನೂರು ದಾಟಿದ್ದ ತಂಡ 8 ರನ್ನಿನಿಂದ ಸೋತಿತು. ಅದರ ಮುಂದಿನ ವರ್ಷ ಕೋಲ್ಕತ್ತದಲ್ಲಿ 49 ರನ್ನಿಗೆ ಆಟ ಮುಗಿಸಿ, ಋತುವಿನ ಕೊನೆಗೆ ಪಟ್ಟಿಯ ತಳದಲ್ಲಿ ಕುಳಿತಿತು. ಆದರೂ ಮರುವರ್ಷ ಮಾವು ಚಿಗುರುವ ಹೊತ್ತಿಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ಅದೇ ವಾಕ್ಯ. ಏಕೆ?

ಇದಕ್ಕೆ ಕುರುಡು ಅಭಿಮಾನವೆಂದು ಹೆಸರಿಟ್ಟು ನಕ್ಕುಬಿಡುವುದು ಸುಲಭ. ಆದರೆ ಪಂದ್ಯಾವಳಿಯ ಕಟ್ಟೋಣದಲ್ಲೇ ಇದಕ್ಕೆ ಕಾರಣಗಳಿವೆ. ಮೊದಲನೆಯದು, ಋತು ತೆರೆದಾಗ ಅಂಕಪಟ್ಟಿಯಲ್ಲಿ ಎಲ್ಲರ ಮುಂದೆಯೂ ಸೊನ್ನೆಯೇ ಇರುತ್ತದೆ. ಸಾಲ ಮುಂದುವರಿಯುವುದಿಲ್ಲ, ಉಳಿತಾಯವೂ ಮುಂದುವರಿಯುವುದಿಲ್ಲ. ಎರಡನೆಯದು, ಹರಾಜಿನ ಏರ್ಪಾಡು. ಆಟಗಾರರನ್ನು ಕೊಳ್ಳಲು ಪ್ರತಿಯೊಂದು ತಂಡಕ್ಕೂ ಒಂದೇ ಮಿತಿಯ ಹಣ. ಕೆಲವು ವರ್ಷಗಳಿಗೊಮ್ಮೆ ಹೆಚ್ಚಿನ ಆಟಗಾರರನ್ನು ಬಿಟ್ಟು ಹೊಸದಾಗಿ ಕಟ್ಟಿಕೊಳ್ಳಬೇಕು. ಸಿರಿವಂತ ತಂಡ ಸದಾ ಬಲಿಷ್ಠವಾಗಿಯೇ ಉಳಿಯದಂತೆ ಮಾಡಿದ ಉಪಾಯವಿದು. ಮೂರನೆಯದು, ಆಟದ ಕಿರಿದುತನ. ಐದು ದಿನದ ಆಟದಲ್ಲಿ ದುರ್ಬಲನು ಬಲಿಷ್ಠನನ್ನು ಸೋಲಿಸುವುದು ಅಪರೂಪ. ಇಪ್ಪತ್ತು ಓವರಿನಲ್ಲಿ ಒಬ್ಬನ ಅರ್ಧ ಗಂಟೆಯ ಉನ್ಮಾದ ಸಾಕು. ನಾಲ್ಕನೆಯದು, ಪಟ್ಟಿಯಲ್ಲಿ ಮೊದಲಿಗರಾಗಬೇಕಿಲ್ಲ. ಮೊದಲ ನಾಲ್ವರಲ್ಲಿ ಒಬ್ಬರಾದರೆ ಬಾಗಿಲು ತೆರೆಯುತ್ತದೆ. 2024ರಲ್ಲಿ ಬೆಂಗಳೂರು ತಂಡ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತ್ತು. ಉಳಿದ ಆರನ್ನೂ ಗೆದ್ದು, ಕೊನೆಯದರಲ್ಲಿ ಚೆನ್ನೈಯನ್ನು ಬೇಕಾದಷ್ಟು ಅಂತರದಿಂದ ಸೋಲಿಸಿ ನಾಲ್ಕನೆಯ ಸ್ಥಾನ ಹಿಡಿಯಿತು. ಆಮೇಲೆ ರಾಜಸ್ಥಾನದ ಎದುರು ಸೋತಿತೆನ್ನಿ. ಆದರೆ ಆ ಆರು ಗೆಲುವುಗಳ ದಿನಗಳಲ್ಲಿ ನಮ್ಮೂರಿನ ತರಕಾರಿ ಗಾಡಿಯವನೂ ರನ್ ಸರಾಸರಿಯ ಲೆಕ್ಕವನ್ನು ದಶಾಂಶ ಸಹಿತ ಬಾಯಲ್ಲೇ ಹೇಳುತ್ತಿದ್ದ.

ಈ ಮಾತಿನಲ್ಲಿ ನನಗೆ ಗುರುವಾದವರು ಗಣಿತದ ಅಧ್ಯಾಪಕರಾಗಿದ್ದ ನನ್ನ ಗೆಳೆಯರು. ಒಂದೇ ಕಾಲೇಜಿನಲ್ಲಿ ಕೆಲಸ ಮಾಡಿ, ನಿವೃತ್ತರಾಗಿ, ಒಂದು ಬೀದಿಯ ಅಂತರದಲ್ಲಿ ನೆಲೆಸಿದವರು ನಾವು. 2008ರಿಂದ ಅವರು ಇನ್ನೂರು ಪುಟದ ನೋಟುಪುಸ್ತಕವೊಂದರಲ್ಲಿ ಪ್ರತಿ ಋತುವಿನ ಲೆಕ್ಕ ಬರೆದಿಡುತ್ತಿದ್ದರು. ವರ್ಷ, ಗೆದ್ದದ್ದು, ಸೋತದ್ದು, ಕೊನೆಗೆ ನಿಂತ ಸ್ಥಾನ, ಅಷ್ಟೇ. ‘ಇದು ಶಾಪವೇ ಇರಬೇಕು, ಸಾರ್’ ಎಂದು ನಾನು ಒಮ್ಮೆ ಹಾಸ್ಯಕ್ಕೆ ಅಂದೆ. ಅವರು ಗಂಭೀರವಾಗಿ ಪೆನ್ನು ತೆಗೆದರು. ‘ಎಂಟು ತಂಡಗಳೂ ಸಮಬಲದವೆಂದು ಇಟ್ಟುಕೊಳ್ಳಿ. ಒಂದು ವರ್ಷ ಗೆಲ್ಲದಿರುವ ಸಂಭವ ಎಂಟರಲ್ಲಿ ಏಳು. ಹದಿನಾರು ವರ್ಷ ಸತತವಾಗಿ ಗೆಲ್ಲದಿರುವ ಸಂಭವ, ಅದನ್ನೇ ಹದಿನಾರು ಸಲ ಗುಣಿಸಿದರೆ, ನೂರಕ್ಕೆ ಸುಮಾರು ಹನ್ನೆರಡು. ಅಂದರೆ ಎಂಟು ತಂಡಗಳಲ್ಲಿ ಸರಾಸರಿ ಒಂದಾದರೂ ಹೀಗೆ ಕಾಯುತ್ತಲೇ ಇರಬೇಕು. ಯಾರಾದರೂ ಕಾಯಲೇಬೇಕು, ಮೇಷ್ಟ್ರೇ. ಅದು ನಾವಾಗಿದ್ದೇವೆ, ಅಷ್ಟೇ. ದೆಹಲಿಯವರೂ ಪಂಜಾಬಿನವರೂ ನಮ್ಮ ಜೊತೆಗಿದ್ದಾರಲ್ಲ.’ ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು: ‘ಇಷ್ಟು ವರ್ಷ ಸೋತಿದ್ದೇವೆ ಅಂತ ಮುಂದಿನ ವರ್ಷ ಗೆಲ್ಲುವ ಸಂಭವ ಹೆಚ್ಚಾಗುವುದಿಲ್ಲ. ದೈವ ನಮಗೇನೂ ಬಾಕಿ ಉಳಿಸಿಕೊಂಡಿಲ್ಲ.’

ಹಾಗೆ ಹೇಳಿದ ಮನುಷ್ಯ ಪ್ರತಿ ಯುಗಾದಿಗೂ ಒಬ್ಬಟ್ಟಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದು, ಬಾಗಿಲಲ್ಲೇ ‘ಈ ಸಲ...’ ಎಂದು ನಿಲ್ಲಿಸಿ ನಗುತ್ತಿದ್ದರು. ಲೆಕ್ಕ ಬಲ್ಲವನ ಆಸೆಯೂ ಆಸೆಯೇ.

ಇಂಥ ಕಾಯುವಿಕೆ ನಮ್ಮಲ್ಲಿ ಮಾತ್ರ ಇರುವಂಥದಲ್ಲ. ಅಮೆರಿಕದವರ ಬೇಸ್‌ಬಾಲ್ ಆಟಕ್ಕೂ ವಸಂತಕ್ಕೂ ಇದೇ ನಂಟು. ಅಲ್ಲಿ ಹಿಮ ಕರಗುವ ಹೊತ್ತಿಗೆ ತಂಡಗಳು ಬೆಚ್ಚನೆಯ ದಕ್ಷಿಣದ ಊರುಗಳಲ್ಲಿ ಅಭ್ಯಾಸಕ್ಕೆ ಇಳಿಯುತ್ತವೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಋತು ತೆರೆಯುತ್ತದೆ. ಅಲ್ಲಿಯ ಬಾಸ್ಟನ್ ನಗರದ ತಂಡ 1918ರಲ್ಲಿ ಗೆದ್ದದ್ದು, ಮತ್ತೆ ಗೆದ್ದದ್ದು 2004ರಲ್ಲಿ. ಶಿಕಾಗೋದ ಕಬ್ಸ್ ತಂಡದವರದು ಇನ್ನೂ ದೊಡ್ಡ ತಪಸ್ಸು. 1908ರ ಅನಂತರ 2016ರವರೆಗೆ, ನೂರೆಂಟು ವರ್ಷ. ನಮ್ಮ ಜಪಸರದ ಮಣಿಗಳ ಸಂಖ್ಯೆ! ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಜರ್ಸ್ ತಂಡ ಅಂತಿಮ ಸರಣಿಯಲ್ಲಿ ಏಳು ಸಲ ಸೋತಿತ್ತು. ಪ್ರತಿ ಸೋಲಿನ ಮರುದಿನ ಅಲ್ಲಿಯ ಜನ ‘ಮುಂದಿನ ವರ್ಷ ನೋಡೋಣ’ ಎಂದು ಹೇಳಿಕೊಳ್ಳುವುದು ಗಾದೆಯಂತಾಗಿ ಹೋಗಿತ್ತು. 1955ರಲ್ಲಿ ಕೊನೆಗೂ ಗೆದ್ದರು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ತಂಡದ ಒಡೆಯರು ಅದನ್ನು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸಿಗೆ ಸಾಗಿಸಿಬಿಟ್ಟರು. ಬ್ರೂಕ್ಲಿನ್ನಿನವರಿಗೆ ‘ಮುಂದಿನ ವರ್ಷ’ವೇ ಇಲ್ಲವಾಯಿತು. ಸೋಲು ಅವರಿಂದ ಕಸಿಯಲಾಗದ ಆಸೆಯನ್ನು ಒಂದು ವ್ಯಾಪಾರದ ನಿರ್ಧಾರ ಕಸಿದುಕೊಂಡಿತು.

ಇಲ್ಲಿ ‘ನಮ್ಮದು’ ಎಂಬ ಮಾತಿನ ಇನ್ನೊಂದು ಮುಖ ಕಾಣಿಸುತ್ತದೆ. ನಾವು ನಮ್ಮದೆನ್ನುವ ತಂಡ ಒಂದು ಕಂಪನಿಯ ಸೊತ್ತು. 2025ರಲ್ಲಿ ಅದರ ನಾಯಕರು ಇಂದೂರಿನವರು. 2008ರಿಂದ 2025ರವರೆಗೆ ಹದಿನೆಂಟು ಋತುಗಳಲ್ಲೂ ಬೇರೆ ತಂಡಕ್ಕೆ ಹೋಗದೆ ಉಳಿದ ಕೊಹ್ಲಿ ದೆಹಲಿಯವರು. ಕನ್ನಡದ ಹುಡುಗರು ಅದರಲ್ಲಿ ಬೆರಳೆಣಿಕೆಯಷ್ಟು. ಹಾಗಿದ್ದರೆ ‘ನಮ್ಮದು’ ಆದದ್ದು ಹೇಗೆ? ಹಣ ಕೊಟ್ಟಲ್ಲ, ರಕ್ತಸಂಬಂಧದಿಂದಲೂ ಅಲ್ಲ. ಕಾದದ್ದರಿಂದ. ಕನ್ನಡದಲ್ಲಿ ಅಭಿಮಾನವೆಂಬ ಮಾತಿಗೆ ಹೆಮ್ಮೆ ಎಂಬ ಅರ್ಥವೂ ಇದೆ, ಮಮತೆ ಎಂಬ ಅರ್ಥವೂ ಇದೆ. ಗೆದ್ದಾಗ ಮೊದಲನೆಯ ಅರ್ಥ ಮುಂದೆ ಬರುತ್ತದೆ. ಸೋತ ವರ್ಷಗಳಲ್ಲಿ ಉಳಿದುಕೊಳ್ಳುವುದು ಎರಡನೆಯದು. ಕಾಯುವುದೆಂಬುದು ನಮ್ಮ ಕಡೆಯವರಿಗೆ ಹೊಸತೂ ಅಲ್ಲ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ, ಅವು ಮತ್ತೆ ತಿರುಗುವ ದಿನಕ್ಕಾಗಿ ವರ್ಷವರ್ಷವೂ ಪತ್ರಿಕೆಯ ಪುಟ ತಿರುವಿ ನೋಡಿದ ಮನೆಗಳೆಷ್ಟು! ಬದುಕಿನಲ್ಲಿ ಕಾಯುವುದು ಕಠಿಣವಾದುದರಿಂದಲೇ ಮನುಷ್ಯ ಆಟದಲ್ಲಿ ಕಾಯುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾನೋ ಏನೋ.

ನನ್ನ ಗೆಳೆಯರು 2024ರ ಜನವರಿಯಲ್ಲಿ ತೀರಿಕೊಂಡರು. ಅದಾದ ಎರಡು ತಿಂಗಳಿಗೆ, ಮಾರ್ಚ್ 17ರಂದು, ಬೆಂಗಳೂರಿನ ಮಹಿಳಾ ತಂಡ ದೆಹಲಿಯಲ್ಲಿ ಅಂತಿಮ ಪಂದ್ಯ ಗೆದ್ದಿತು. ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಪಡೆದರು. ಗಂಡಸರು ಹದಿನಾರು ವರ್ಷ ಹೆಣಗಿ ತರಲಾಗದ್ದನ್ನು ಹೆಣ್ಣುಮಕ್ಕಳು ಎರಡನೆಯ ವರ್ಷವೇ ತಂದರು. ನಾಯಕಿ ಸ್ಮೃತಿ ಮಂಧಾನ ಅಂದು ಆ ಹಳೆಯ ವಾಕ್ಯವನ್ನು ತಿದ್ದಿ ಹೇಳಿದರು: ‘ಈ ಸಲ ಕಪ್ ನಮ್ದು.’ ಅವರು ಕನ್ನಡಿಗರಲ್ಲ. ಆದರೂ ವ್ಯಾಕರಣದ ದೃಷ್ಟಿಯಿಂದ ಆ ತಿದ್ದುಪಡಿ ನಿರ್ದುಷ್ಟವಾದುದು. ಕೈಗೆ ಬಂದ ಮೇಲೆ ಅವಧಾರಣೆ ಬೇಡ. ಏಕಾರ ಬಿದ್ದುಹೋಯಿತು, ವಸ್ತು ಉಳಿಯಿತು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪುರುಷರ ತಂಡವೂ ಗೆದ್ದಿತು. ಎದುರಿಗಿದ್ದ ಪಂಜಾಬಿನವರೂ ನಮ್ಮಷ್ಟೇ ವರ್ಷ ಕಾದವರು. ಒಬ್ಬರ ಕಾಯುವಿಕೆ ಮುಗಿದ ಗಳಿಗೆಯಲ್ಲೇ ಇನ್ನೊಬ್ಬರದು ಒಂದು ವರ್ಷ ಮುಂದುವರಿಯಿತು. ಕೊನೆಯ ಓವರು ಮುಗಿಯುವ ಮೊದಲೇ ಕೊಹ್ಲಿಯವರ ಕಣ್ಣು ತುಂಬಿತ್ತು. ಗೆಲುವಿನ ಅಂತರ 6 ರನ್. 2009ರಲ್ಲಿ ಸೋತದ್ದೂ 6 ರನ್ನಿನಿಂದಲೇ. ವಿನೋಬನಗರದ ಬೀದಿಗಳಲ್ಲಿ ಪಟಾಕಿಯ ಸದ್ದು ಅಡಗಿದ ಮೇಲೆ ನನ್ನ ಗೆಳೆಯರ ಪತ್ನಿ ದೂರವಾಣಿ ಮಾಡಿದರು. ‘ಗೆದ್ದರು, ಮೇಷ್ಟ್ರೇ. ಇವರಿಗೆ ಹೇಳಬೇಕಾಗಿತ್ತು’ ಎಂದರು. ಬೆಳಗ್ಗೆ ಆ ನೋಟುಪುಸ್ತಕವನ್ನು ಕಳುಹಿಸಿಕೊಟ್ಟರು. 2024ರ ಸಾಲನ್ನು ಅವರು ಬರೆದಿರಲಿಲ್ಲ, ನಾನು ಬರೆದೆ. ಕೆಳಗೆ 2025ರ ಸಾಲನ್ನೂ ಬರೆದು, ಸ್ಥಾನ ಎಂಬಲ್ಲಿ ಮೊದಲ ಬಾರಿಗೆ ‘1’ ಎಂದು ನಮೂದಿಸಿದೆ.

ಅಂದು ಜೂನ್ 4. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗ ಬೆಳಗ್ಗೆಯೇ ತಿಳಿಸಿದ್ದ: ‘ಅಜ್ಜ, ಕಪ್ ನೋಡಕ್ಕೆ ಹೋಗ್ತಿದೀನಿ.’ ನಾನು ಬೇಡವೆನ್ನಲಿಲ್ಲ. ಬೇಡವೆನ್ನಲು ಕಾರಣವೂ ತೋಚಲಿಲ್ಲ. ಸಂಜೆ ದೂರದರ್ಶನದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆ ನೂಕುನುಗ್ಗಲಾಗಿ ಜನ ಸತ್ತ ಸುದ್ದಿ ಬರತೊಡಗಿತು. ಒಬ್ಬರು, ನಾಲ್ವರು, ಏಳು, ಕೊನೆಗೆ ಹನ್ನೊಂದು. ಹೆಚ್ಚಿನವರು ಎಳೆಯರು. ಮೊಮ್ಮಗನ ದೂರವಾಣಿ ಸಿಗಲಿಲ್ಲ. ನನ್ನ ಮಗಳು ಕುರ್ಚಿಯ ಅಂಚಿನಲ್ಲಿ ಕುಳಿತು, ಅದೇ ಸಂಖ್ಯೆಯನ್ನು ಒತ್ತುತ್ತಲೇ ಇದ್ದಳು. ರಾತ್ರಿ ಒಂಬತ್ತರ ಹೊತ್ತಿಗೆ ಅವನೇ ಮಾತಾಡಿದ: ‘ರೂಮಲ್ಲಿದೀನಿ, ಅಮ್ಮ. ಒಳಗೆ ಹೋಗಕ್ಕೆ ಆಗ್ಲಿಲ್ಲ.’ ಅಷ್ಟೇ ಹೇಳಿದ. ಒಳಗೆ ಹೋಗಲಾಗದ್ದಕ್ಕೆ ನಾವು ದೇವರಿಗೆ ಕೈಮುಗಿದೆವು. ಆದರೆ ಹನ್ನೊಂದು ಮನೆಗಳಲ್ಲಿ ಆ ರಾತ್ರಿ ದೂರವಾಣಿಯಲ್ಲಿ ಕೇಳಿಬಂದದ್ದು ಬೇರೆಯವರ ಧ್ವನಿ.

ನಾನು ನೋಟುಪುಸ್ತಕವನ್ನು ಮತ್ತೆ ತೆರೆದು, 2025ರ ಸಾಲಿನ ಕೊನೆಗೆ, ಗೆಳೆಯರು ಯಾವ ಅಂಕಣವನ್ನೂ ಎಳೆಯದಿದ್ದ ಜಾಗದಲ್ಲಿ, 11 ಎಂದು ಬರೆದೆ. ಆ ಅಂಕಿಯನ್ನು ಬಿಟ್ಟರೆ ಆ ವರ್ಷದ ಲೆಕ್ಕ ಪೂರ್ಣವಾಗುವುದಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹದಿನೇಳು ವರ್ಷ ಯಾರನ್ನೂ ನೋಯಿಸದೆ ಬಾಳಿದ ಆಸೆ, ಈಡೇರಿದ ಒಂದೇ ದಿನದಲ್ಲಿ ಹೀಗೇಕಾಯಿತು? ಕೂಡಿದ ಜನರನ್ನು ದೂರುವುದು ಅನ್ಯಾಯ. ಜನ ಕೂಡುವರೆಂಬುದು ಗೊತ್ತಿತ್ತು. ಎಷ್ಟು ಬಾಗಿಲು, ಎಷ್ಟು ಕಾವಲು, ಎಷ್ಟು ಜನ ಎಂಬ ಲೆಕ್ಕ, ನನ್ನ ಗೆಳೆಯರ ಲೆಕ್ಕಕ್ಕಿಂತ ಬಹಳ ಸುಲಭವಾದ ಲೆಕ್ಕ, ಮುಂಚಿತವಾಗಿ ಆಗಬೇಕಾಗಿತ್ತು. ನಮ್ಮ ಊರುಗಳ ರಥೋತ್ಸವಗಳಲ್ಲಿ ತೇರಿನ ಮಿಣಿ ಹಿಡಿಯುವವರು ಯಾರು, ಗಾಲಿಗೆ ಸೊಪ್ಪಿನ ಕಟ್ಟು ಕೊಡುವವರು ಯಾರು, ಮಕ್ಕಳು ಎಲ್ಲಿ ನಿಲ್ಲಬೇಕು ಎಂಬುದನ್ನು ಹಿರಿಯರು ಗೊತ್ತುಮಾಡಿಟ್ಟಿರುವುದು ಭಕ್ತಿಯ ಮೇಲಿನ ಅಪನಂಬಿಕೆಯಿಂದಲ್ಲ, ಭಕ್ತಿಯ ಬಲ ಎಷ್ಟೆಂಬುದನ್ನು ಬಲ್ಲುದರಿಂದ. ಹಿಗ್ಗಿನಲ್ಲಿರುವ ಜನಸಮೂಹ ತನ್ನ ತೂಕವನ್ನು ತಾನೇ ಅರಿಯದು. ಅರಿಯಬೇಕಾದವರು ಕರೆದವರು. ಆ ವರ್ಷವೇ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಎತ್ತಿದ್ದು ಅಲ್ಲಿಯೇ.

ಹಾಗೆಂದು ಆಸೆಯನ್ನೇ ಬಿಟ್ಟುಬಿಡಬೇಕೆ? ನನ್ನ ಮೊಮ್ಮಗ ಕೆಲವು ತಿಂಗಳು ಕ್ರಿಕೆಟ್ಟಿನ ಮಾತೆತ್ತಲಿಲ್ಲ. ಅಕ್ಟೋಬರಿನಲ್ಲಿ ಅವನು ರಜೆಗೆ ಬಂದಾಗ ನಮ್ಮ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ಕರ್ನಾಟಕಕ್ಕೂ ಗೋವೆಗೂ ರಣಜಿ ಪಂದ್ಯವಿತ್ತು. ‘ಬರ್ತೀಯೇನೋ?’ ಎಂದು ಕೇಳಿದೆ. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡ.

ಆ ಮೈದಾನಕ್ಕೂ ತನ್ನದೇ ಒಂದು ಚರಿತ್ರೆ ಇದೆ. 2024ರ ಜನವರಿಯಲ್ಲಿ ಹತ್ತೊಂಬತ್ತರೊಳಗಿನವರ ಕೂಚ್ ಬಿಹಾರ್ ಟ್ರೋಫಿಯ ಅಂತಿಮ ಪಂದ್ಯ ಅಲ್ಲಿಯೇ ನಡೆದು, ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬಯಿಯ ಎದುರು ಅಜೇಯ 404 ರನ್ ಗಳಿಸಿದ್ದರು. ತಂಡದ ಮೊತ್ತ 8 ವಿಕೆಟ್ಟಿಗೆ 890. ಈಗ ಅಲ್ಲಿ ಆಡುತ್ತಿದ್ದವರು ಕರುಣ್ ನಾಯರ್. 2015ರಲ್ಲಿ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ಎದುರು 328 ರನ್ ಬಾರಿಸಿ ಕರ್ನಾಟಕಕ್ಕೆ ಎಂಟನೆಯ ಸಲ ಟ್ರೋಫಿ ತಂದುಕೊಟ್ಟವರಲ್ಲಿ ಒಬ್ಬರು ಅವರು. 2016ರಲ್ಲಿ ಇಂಗ್ಲೆಂಡಿನ ವಿರುದ್ಧ ಚೆನ್ನೈಯಲ್ಲಿ ಅಜೇಯ 303. ಆಮೇಲೆ ಭಾರತ ತಂಡದಿಂದ ಹೊರಗೆ, ಕಡೆಗೆ ಕರ್ನಾಟಕದ ತಂಡದಿಂದಲೂ ಹೊರಗೆ. 2022ರ ಕೊನೆಯಲ್ಲಿ ಅವರು ತಮಗೆ ಇನ್ನೊಂದು ಅವಕಾಶ ಬೇಕೆಂದು ಆಟವನ್ನೇ ಉದ್ದೇಶಿಸಿ ಬಹಿರಂಗವಾಗಿ ಕೇಳಿಕೊಂಡಿದ್ದರು. ವಿದರ್ಭಕ್ಕೆ ವಲಸೆ ಹೋಗಿ, ಅವರಿಗೆ ರಣಜಿ ಗೆಲ್ಲಿಸಿಕೊಟ್ಟು, ಎಂಟು ವರ್ಷಗಳ ಬಳಿಕ ಭಾರತಕ್ಕೆ ಆಡಿ, ಈಗ ತವರಿನ ತಂಡಕ್ಕೆ ಹಿಂದಿರುಗಿದ್ದರು. ನೋಡುವವರಿಗೆ ಮಾತ್ರ ‘ಈ ಸಲ’ ಎಂಬುದು ಉಂಟೆಂದು ನಾವು ತಿಳಿದಿರುತ್ತೇವೆ. ಆಡುವವನಿಗೂ ಅದು ಅಷ್ಟೇ ಉಂಟು, ನಮಗಿಂತ ತೀಕ್ಷ್ಣವಾಗಿ.

ನೋಡಲು ಬಂದಿದ್ದವರು ಹೆಚ್ಚಿಲ್ಲ. ನೆರಳಿನಲ್ಲಿ ಕೆಲವು ನಿವೃತ್ತರು, ಶಾಲೆಯ ಹುಡುಗರ ಒಂದು ಗುಂಪು. ನೂಕುವವರಿಲ್ಲ, ತಡೆಯುವವರಿಲ್ಲ. ನಾಯರ್ ಆ ಸರದಿಯಲ್ಲಿ ಔಟಾಗದೆ 174 ರನ್ ಮಾಡಿದರು. ಪಂದ್ಯ ಸಮವಾಯಿತು. ಇಲ್ಲಿ ಗೆಲುವಿಗೆ ಆರು ಅಂಕ. ಸಮವಾದರೆ ಮೊದಲ ಸರದಿಯಲ್ಲಿ ಮುಂದಿದ್ದವರಿಗೆ ಮೂರು, ಹಿಂದುಳಿದವರಿಗೆ ಒಂದು. ಈ ಚಿಲ್ಲರೆ ಅಂಕಗಳನ್ನು ಕೂಡಿಸಿಕೊಂಡೇ ತಂಡ ಋತುವಿನಲ್ಲಿ ಮುಂದೆ ಸಾಗಬೇಕು. ಮೊಮ್ಮಗ ಇದನ್ನೆಲ್ಲ ಕೇಳಿ ತಿಳಿದುಕೊಂಡ. ಸವಳಂಗ ರಸ್ತೆಯಲ್ಲಿ ನಡೆದು ಬರುವಾಗ ಬಹಳ ಹೊತ್ತು ಸುಮ್ಮನಿದ್ದು, ‘ಅಜ್ಜ, 2015 ಆದ್ಮೇಲೆ ನಾವು ರಣಜಿ ಗೆದ್ದೇ ಇಲ್ವಲ್ಲ?’ ಎಂದ.

‘ಹತ್ತು ವರ್ಷ ಆಯ್ತು’ ಎಂದೆ.

‘ಈ ಸಲ ಹೇಗೆ?’ ಎಂದ.

ಅವನು ‘ನಮ್ದೇ’ ಎನ್ನಲಿಲ್ಲ, ಕೇಳಿದ. ಘೋಷಣೆಯಾಗಿದ್ದ ವಾಕ್ಯ ಪ್ರಶ್ನೆಯಾಗಿ ಮಾರ್ಪಟ್ಟಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ನೋಟುಪುಸ್ತಕದಲ್ಲಿ ಇನ್ನೂ ಸಾಕಷ್ಟು ಪುಟಗಳಿವೆ ಎಂದಷ್ಟೇ ಅವನಿಗೆ ಹೇಳಿದೆ.